ಮಾಂಸ ಮಾತ್ರ ತಿನ್ನುತ್ತಿದ್ದೇನೆ, ಮುದ್ದೆಯ ಆಸೆ ಬಿಡುತ್ತಿಲ್ಲ

ಪ್ರಶ್ನೆ: ನನಗೆ 36 ವರ್ಷ. ಊರು ಮದ್ದೂರಿನ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ತೂಕ 94 ಕೆ.ಜಿ. ಇತ್ತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದು ಡಾಕ್ಟರ್ ಹೇಳಿದ ಮೇಲೆ ಯೂಟ್ಯೂಬ್ ನೋಡಿ, ಮೂರು ವಾರದಿಂದ ಕಾರ್ನಿವೋರ್ ಡಯಟ್ ಮಾಡುತ್ತಿದ್ದೇನೆ. ದಿನಕ್ಕೆ 600 ಗ್ರಾಂ ಚಿಕನ್ ಬ್ರೆಸ್ಟ್, ನಾಲ್ಕು ಮೊಟ್ಟೆ. ಅನ್ನ, ಮುದ್ದೆ, ತರಕಾರಿ, ಹಾಲು, ಟೀ ಎಲ್ಲ ಬಂದ್. ಐದು ಕೆ.ಜಿ. ಇಳಿದಿದ್ದೇನೆ. ಆದರೆ ಸಂಜೆ ಐದಾದರೆ ಟೀ, ವಡೆ ಕಣ್ಣ ಮುಂದೆ ಬರುತ್ತವೆ. ರಾತ್ರಿ ಮೊಸರನ್ನದ ಯೋಚನೆ. ಭಾನುವಾರ ಅಮ್ಮ ಹಿಟ್ಟು ತೊಳಸುವ ವಾಸನೆ ಬಂದರೆ ಮನೆಯಿಂದ ಎದ್ದು ಹೋಗುತ್ತೇನೆ. ಮೊನ್ನೆ ರಾತ್ರಿ ಮಗಳಿಗೆಂದು ತಂದಿದ್ದ ಬಿಸ್ಕತ್ತಿನ ಪೊಟ್ಟಣ ಪೂರ್ತಿ ಖಾಲಿ ಮಾಡಿದೆ. ಎದ್ದು ನಿಂತರೆ ಕೆಲವೊಮ್ಮೆ ಕಣ್ಣು ಕತ್ತಲೆ ಬರುತ್ತದೆ. ಬಿಪಿಗೆ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ನನ್ನ ಮನಸ್ಸೇ ಗಟ್ಟಿಯಿಲ್ಲವೇ? ಈ ಚಪಲ ಎಂದಾದರೂ ಹೋಗುತ್ತದೆಯೇ? ಶುಗರ್‌ಫ್ರೀ ಸಿಹಿ ತಿನ್ನಬಹುದೇ? ಯುಗಾದಿಗೆ ಊರಿಗೆ ಹೋದಾಗ ಒಬ್ಬಟ್ಟಿನ ಮುಂದೆ ಏನು ಮಾಡಲಿ?

ಉತ್ತರ: ಮೊದಲು ಬಿಪಿ ಮಾತ್ರೆಯ ವಿಷಯ ಮುಗಿಸೋಣ, ಅದು ಮುದ್ದೆಗಿಂತ ಅವಸರದ್ದು. ಪಿಷ್ಟ (ಕಾರ್ಬೋಹೈಡ್ರೇಟ್) ತಿನ್ನುವುದು ಪೂರ್ತಿ ನಿಂತಾಗ ದೇಹದಲ್ಲಿ ಇನ್ಸುಲಿನ್ ಮಟ್ಟ ಇಳಿಯುತ್ತದೆ. ಅದು ಇಳಿದಾಗ ಮೂತ್ರಪಿಂಡಗಳು ಉಪ್ಪನ್ನು ಮೊದಲಿನಷ್ಟು ಹಿಡಿದಿಟ್ಟುಕೊಳ್ಳುವುದಿಲ್ಲ, ಉಪ್ಪಿನ ಹಿಂದೆಯೇ ನೀರೂ ಹೊರಟುಹೋಗುತ್ತದೆ. ಹೀಗೆ ರಕ್ತದೊತ್ತಡ ತಾನಾಗಿಯೇ ಇಳಿಯುವ ಹೊತ್ತಿನಲ್ಲಿ ಹಳೆಯ ಪ್ರಮಾಣದ ಮಾತ್ರೆಯೂ ಸೇರಿಕೊಂಡರೆ ಕಣ್ಣು ಕತ್ತಲೆ ಬರಬಹುದು. ಈ ವಾರವೇ ಬಿಪಿ ನೋಡಿಸಿ. ಕುಳಿತಾಗ ಒಂದು ಸಲ, ಎದ್ದು ನಿಂತು ಎರಡು ಮೂರು ನಿಮಿಷವಾದ ಮೇಲೆ ಇನ್ನೊಂದು ಸಲ. ಊಟ ಹೀಗೆ ಬದಲಾಯಿಸಿದ್ದೇನೆ ಎಂದು ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಹೇಳಿ. ಮಾತ್ರೆಯನ್ನು ನೀವಾಗಿ ಮಾತ್ರ ನಿಲ್ಲಿಸಬೇಡಿ.

ಇದನ್ನು ಓದುತ್ತಿರುವ ಮಧುಮೇಹಿಗಳಿಗೂ ಇಲ್ಲೇ ಒಂದು ಮಾತು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತೆಗೆದುಕೊಳ್ಳುವವರು ಅನ್ನ, ಮುದ್ದೆ ದಿಢೀರನೆ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರಿಗೆ ರಕ್ತದ ಸಕ್ಕರೆ ಹೆಚ್ಚೇನೂ ಏರದೆಯೇ ಕೀಟೋಆಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರುವ ಸ್ಥಿತಿ, ಆಗುವ ಭಯವಿದೆ. ಗ್ಲೂಕೋಮೀಟರ್‌ನಲ್ಲಿ ಅಂಕಿ ಸರಿಯಾಗಿಯೇ ಕಾಣುವುದರಿಂದ ಮನೆಯವರಿಗೆ ಗೊತ್ತಾಗುವುದಿಲ್ಲ. ಆ ಮಾತ್ರೆ ನಡೆಯುತ್ತಿರುವಾಗ ವೈದ್ಯರನ್ನು ಕೇಳದೆ ಈ ಡಯಟ್‌ಗೆ ಕೈ ಹಾಕಲೇಬಾರದು.

ಇನ್ನು ನಿಮ್ಮ ಮನಸ್ಸಿನ ಗಟ್ಟಿತನ. ನಿಮ್ಮ ತಟ್ಟೆಯ ಲೆಕ್ಕ ಹಾಕಿದರೆ ಮನಸ್ಸಿನ ಮಾತು ಆಮೇಲೆ ಬರುತ್ತದೆ. 600 ಗ್ರಾಂ ಎಂದಿರುವುದು ಬೇಯಿಸಿದ ಮೇಲಿನ ತೂಕ ಎಂದೇ ಇಟ್ಟುಕೊಳ್ಳೋಣ. ಚರ್ಮ ತೆಗೆದ ಬ್ರೆಸ್ಟ್ 100 ಗ್ರಾಮಿಗೆ ಸುಮಾರು 165 ಕ್ಯಾಲೊರಿ, 31 ಗ್ರಾಂ ಪ್ರೋಟೀನ್, ಮೂರೂವರೆ ಗ್ರಾಂ ಕೊಬ್ಬು. ಅಂದರೆ 600 ಗ್ರಾಮಿಗೆ ಸಾವಿರ ಕ್ಯಾಲೊರಿಯೂ ಆಗಲಿಲ್ಲ. ನಾಲ್ಕು ಮೊಟ್ಟೆಗೆ ಇನ್ನೊಂದು 280. ಎರಡೂ ಸೇರಿ 1,300ರ ಒಳಗೇ. ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ನಿಮ್ಮ ತೂಕದ ಗಂಡಸಿಗೆ 2,200 ಕ್ಯಾಲೊರಿ ಆಸುಪಾಸು ಬೇಕು. ನೀವು ಮೂರು ವಾರದಿಂದ ಅರೆಹೊಟ್ಟೆಯಲ್ಲಿದ್ದೀರಿ. ತಿನ್ನುವಾಗ ಹೊಟ್ಟೆ ತುಂಬಿದಂತೆ ಅನ್ನಿಸಿದರೂ ಅಷ್ಟೆ, ಯಾಕೆಂದರೆ ಪ್ರೋಟೀನ್ ಬೇಗ ಸಾಕು ಅನ್ನಿಸುತ್ತದೆ.

ಅರೆಹೊಟ್ಟೆ ಮನುಷ್ಯನನ್ನು ಏನು ಮಾಡುತ್ತದೆ ಎನ್ನುವುದನ್ನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ 1944-45ರಲ್ಲಿ ನೋಡಿದ್ದಾರೆ. ಆರೋಗ್ಯವಂತ 36 ಯುವಕರು ತಾವಾಗಿಯೇ ಒಪ್ಪಿಕೊಂಡು ಆರು ತಿಂಗಳು ಅರ್ಧ ಊಟದಲ್ಲಿದ್ದರು. ಕೆಲವು ವಾರಗಳಲ್ಲಿ ಅವರ ಮಾತೆಲ್ಲ ಊಟದ್ದೇ ಆಯಿತು. ಅಡುಗೆಯಲ್ಲಿ ಎಂದೂ ಆಸಕ್ತಿಯಿಲ್ಲದವರು ಅಡುಗೆ ಪುಸ್ತಕ ಕೂಡಿಡತೊಡಗಿದರು, ಊಟದ ಕನಸು ಕಂಡರು, ಕದ್ದು ತಿಂದವರೂ ಇದ್ದರು. ಅವರ ಮನಸ್ಸು ದುರ್ಬಲ ಎಂದು ಯಾರೂ ಹೇಳಲಿಲ್ಲ. ನಿಮ್ಮ ಬಿಸ್ಕತ್ತಿನ ಪೊಟ್ಟಣವನ್ನೂ ನಾನು ಆ ಸಾಲಿನಲ್ಲೇ ಇಡುತ್ತೇನೆ.

ಎರಡನೆಯ ಕೊರತೆ ಕೊಬ್ಬಿನದು, ನಮ್ಮಲ್ಲಿ ಕಾರ್ನಿವೋರ್ ಶುರು ಮಾಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಕೊಬ್ಬು ಕೆಟ್ಟದ್ದು ಎಂದು ಇಪ್ಪತ್ತು ವರ್ಷ ಕೇಳಿದ ಕಿವಿ, ಪಿಷ್ಟ ಕೆಟ್ಟದ್ದು ಎನ್ನುವ ಹೊಸ ಮಾತನ್ನೂ ಕೇಳಿಸಿಕೊಳ್ಳುತ್ತದೆ, ಎರಡನ್ನೂ ಬಿಟ್ಟು ಬರಿಯ ಬ್ರೆಸ್ಟ್ ತಿನ್ನುತ್ತದೆ. 1928ರಲ್ಲಿ ನ್ಯೂಯಾರ್ಕಿನ ಬೆಲ್ಲೆವ್ಯೂ ಆಸ್ಪತ್ರೆಯ ವೈದ್ಯರ ನಿಗಾದಲ್ಲಿ ಒಂದು ವರ್ಷ ಮಾಂಸ ಮಾತ್ರ ತಿಂದು ತೋರಿಸಲು ಇಬ್ಬರು ಒಪ್ಪಿದ್ದರು. ಆರ್ಕ್ಟಿಕ್‌ನಲ್ಲಿ ಇನುಯಿಟ್ ಜನರ ಜೊತೆ ವರ್ಷಗಟ್ಟಲೆ ಬದುಕಿದ್ದ ವಿಲ್ಹ್ಯಾಲ್ಮರ್ ಸ್ಟೆಫಾನ್ಸನ್, ಇನ್ನೊಬ್ಬರು ಕಾರ್ಸ್ಟೆನ್ ಆಂಡರ್ಸನ್. ವೈದ್ಯರು ಸ್ಟೆಫಾನ್ಸನ್‌ಗೆ ಮೊದಲು ಕೊಬ್ಬು ತೆಗೆದ ಮಾಂಸ ಮಾತ್ರ ಕೊಟ್ಟು ನೋಡಿದರು. ಎರಡು ಮೂರು ದಿನದಲ್ಲೇ ಅವರಿಗೆ ಹೊಟ್ಟೆ ತೊಳಸಿತು, ಭೇದಿ ಹಿಡಿಯಿತು. ಕೊಬ್ಬಿನ ಮಾಂಸ ಕೊಟ್ಟ ಮೇಲೆ ಸರಿಹೋದರು. ಮುಂದಿನ ತಿಂಗಳುಗಳಲ್ಲಿ ಇಬ್ಬರಿಗೂ ಶಕ್ತಿಯ ಮುಕ್ಕಾಲು ಭಾಗ ಅಥವಾ ಇನ್ನೂ ಹೆಚ್ಚು ಬಂದದ್ದು ಕೊಬ್ಬಿನಿಂದ. ನಿಮ್ಮ ತಟ್ಟೆಯಲ್ಲಿ ಅದು ಸುಮಾರು 30 ಶೇಕಡ. ಪಿಷ್ಟ ನಿಂತ ಮೇಲೆ ದೇಹ ಓಡಬೇಕಾದ್ದು ಕೊಬ್ಬಿನಿಂದ, ಅದನ್ನೂ ಕೊಡದಿದ್ದರೆ ಅದು ತನಗೆ ಗೊತ್ತಿರುವ ಹಳೆಯ ದಾರಿಯನ್ನೇ ಕೇಳುತ್ತದೆ. ಸಕ್ಕರೆ, ಅನ್ನ, ಬಿಸ್ಕತ್ತು.

ಹಾಗಾಗಿ ಮದ್ದು ಮಾಂಸದ ಅಂಗಡಿಯಲ್ಲೇ ಇದೆ. ಕೋಳಿ ಅಂಗಡಿಯ ಬೋರ್ಡಿನಲ್ಲಿ ಎರಡು ರೇಟು ಬರೆದಿರುತ್ತಾರಲ್ಲ, ಅದರಲ್ಲಿ ಕಡಿಮೆ ರೇಟಿನ ‘ವಿತ್ ಸ್ಕಿನ್’ ತೆಗೆದುಕೊಳ್ಳಿ, ಅದರಲ್ಲೂ ತೊಡೆ. ಚರ್ಮದ ಸಮೇತ ಬೇಯಿಸಿದ ತೊಡೆಯಲ್ಲಿ ಬ್ರೆಸ್ಟ್‌ಗಿಂತ ನಾಲ್ಕು ಪಟ್ಟು ಕೊಬ್ಬಿದೆ. ಮಟನ್ ತರುವಾಗ ಆಡೋ ಕುರಿಯೋ ಎಂದು ಕೇಳಿ. ಆಡಿನ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ, ಕುರಿಯದರಲ್ಲಿ ಹೆಚ್ಚು. ನಿಮ್ಮ ಜಿಲ್ಲೆಯ ಬಂಡೂರು ಕುರಿಗೆ ಅಷ್ಟು ಹೆಸರು ಬಂದದ್ದೇ ಮಾಂಸದ ಎಳೆಗಳ ನಡುವೆ ಹರಡಿಕೊಂಡಿರುವ ಕೊಬ್ಬಿನಿಂದ, ಆದರೆ ಅದರ ಬೆಲೆಗೆ ದಿನವೂ ತಿನ್ನಿ ಎನ್ನಲಾರೆ. ಸಾಮಾನ್ಯ ಕುರಿಯ ಎದೆ ಭಾಗ, ಚಾಪ್ಸ್ ಸಾಕು. ‘ಕೊಬ್ಬು ತೆಗೆದುಬಿಡಿ’ ಎನ್ನುವ ಅಭ್ಯಾಸದ ಮಾತು ಬಾಯಿಗೆ ಬಂದರೆ ತಡೆದುಕೊಳ್ಳಿ. ತುಪ್ಪ ಮಾಂಸವೇ ಎಂಬ ವಾದ ಯೂಟ್ಯೂಬ್‌ನವರಿಗೆ ಇರಲಿ, ಮೊಟ್ಟೆಯನ್ನು ಒಂದು ದೊಡ್ಡ ಚಮಚ ತುಪ್ಪದಲ್ಲಿ ಮಾಡಿದರೆ 120 ಕ್ಯಾಲೊರಿ ಸದ್ದಿಲ್ಲದೆ ಸೇರುತ್ತದೆ. ಇದನ್ನೆಲ್ಲ ಒಂದೇ ದಿನ ಹೆಚ್ಚಿಸಬೇಡಿ. ಇಷ್ಟು ದಿನ ಒಣ ಮಾಂಸ ತಿಂದ ಹೊಟ್ಟೆಗೆ ಒಮ್ಮೆಲೇ ಕರಗಿದ ಕೊಬ್ಬು ಸುರಿದರೆ ಪಾಯಿಖಾನೆಯಲ್ಲೇ ಕೂರಬೇಕಾಗುತ್ತದೆ. ಒಂದು ವಾರದಲ್ಲಿ ನಿಧಾನವಾಗಿ ಏರಿಸಿ, ಬ್ರೆಸ್ಟ್ ಅನ್ನು ಅಷ್ಟೇ ನಿಧಾನವಾಗಿ ಇಳಿಸಿ.

ಮೂರನೆಯದು ಉಪ್ಪು. ನಾವು ಉಪ್ಪು ತಿನ್ನುವುದು ಹೆಚ್ಚಾಗಿ ಸಾರು, ಪಲ್ಯ, ಉಪ್ಪಿನಕಾಯಿ, ಮೊಸರನ್ನದ ಮೂಲಕ. ಅವೆಲ್ಲ ಒಟ್ಟಿಗೆ ಹೋದಾಗ, ದೇಹ ಉಪ್ಪನ್ನು ಹೊರಗೆ ಸುರಿಯುತ್ತಿರುವ ವಾರಗಳಲ್ಲೇ, ಒಳಗೆ ಬರುವುದೂ ನಿಂತುಹೋಗುತ್ತದೆ. ತಲೆನೋವು, ಸುಸ್ತು, ಮೀನಖಂಡದ ಸೆಳೆತ, ‘ಏನೋ ಬೇಕು, ಏನೆಂದು ಗೊತ್ತಿಲ್ಲ’ ಎನ್ನುವ ಚಡಪಡಿಕೆ, ಇದರಲ್ಲಿ ದೊಡ್ಡ ಪಾಲು ಇದರದ್ದೇ. ಬಿಪಿ ಇಲ್ಲದವರಿಗೆ ನಾನು ನೇರವಾಗಿ ಹೇಳುತ್ತೇನೆ: ದಿನಕ್ಕೆ ಎರಡು ಲೋಟ ಆಡು-ಕುರಿ ಕಾಲಿನ ಸೂಪು, ಲೋಟಕ್ಕೆ ಕಾಲು ಚಮಚದಷ್ಟು ಉಪ್ಪು, ಕುಟ್ಟಿದ ಕಾಳುಮೆಣಸು. ನೀವು ಮಾತ್ರ ಬಿಪಿ ನೋಡಿಸಿ, ವೈದ್ಯರ ಜೊತೆ ಮಾತಾಡಿದ ಮೇಲೆಯೇ ಮಾಡಬೇಕು. ಮೂತ್ರಪಿಂಡ, ಹೃದಯದ ತೊಂದರೆ ಇರುವವರಿಗೂ ಇದೇ ಮಾತು. ಸೂಪಿನ ಮೆಣಸು ಸಸ್ಯವಾಯಿತಲ್ಲ ಎಂದು ಕೇಳುವವರೂ ಬರುತ್ತಾರೆ. ಆಯಿತು, ಏನೀಗ?

ನೀವು ಸಂತೋಷದಿಂದ ಬರೆದ ಐದು ಕೆ.ಜಿ.ಯ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 300-400 ಗ್ರಾಂ ಪಿಷ್ಟ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ, ಪ್ರತಿ ಗ್ರಾಂ ತನ್ನ ಜೊತೆ ಮೂರು ಗ್ರಾಂನಷ್ಟು ನೀರು ಹಿಡಿದಿಟ್ಟುಕೊಂಡಿರುತ್ತದೆ. ಅದರಲ್ಲಿ ಬಹುಪಾಲು ಖಾಲಿಯಾದರೆ ತಕ್ಕಡಿಯಲ್ಲಿ ಒಂದೂವರೆ ಎರಡು ಕೆ.ಜಿ. ಮಾಯ. ಬೇಸರ ಮಾಡಿಕೊಳ್ಳಲು ಹೇಳಿದ್ದಲ್ಲ. ಯುಗಾದಿಯ ಮಾತಿಗೆ ಬಂದಾಗ ಇದು ಬೇಕಾಗುತ್ತದೆ.

ಹೊಟ್ಟೆಯ ಲೆಕ್ಕ ಸರಿಹೋದ ಮೇಲೂ ಉಳಿಯುವ ಆಸೆಗಳು ಗಡಿಯಾರದವು, ವಾಸನೆಯವು. ಯಾವುದು ಯಾವುದು ಎಂದು ತಿಳಿಯಲು ಹೀಗೆ ಮಾಡಿ. ಸಂಜೆ ಆಸೆ ಹತ್ತಿದಾಗ ಮೊದಲು ಬಿಸಿ ಸೂಪು ಕುಡಿದು ಕಾಲು ಗಂಟೆ ಬಿಡಿ. ಹೋದರೆ ಅದು ಉಪ್ಪಿನದೋ ನೀರಿನದೋ. ಹೋಗದಿದ್ದರೆ ಬೇಯಿಸಿದ ಎರಡು ಮೊಟ್ಟೆ ಮುಂದಿಟ್ಟುಕೊಳ್ಳಿ. ತಿನ್ನಬೇಕು ಅನ್ನಿಸಿದರೆ ಹಸಿವು, ತಿನ್ನಿ. ಮೊಟ್ಟೆ ಬೇಡ, ವಡೆಯೇ ಬೇಕು ಎಂದರೆ ಅದು ಐದು ಗಂಟೆಯ ಆಸೆ.

ಐದು ಗಂಟೆಯ ಆಸೆಯ ಜೊತೆ ಕುಸ್ತಿ ಬೇಡ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಕುಡಿತ ಬಿಡುವವರಿಗೆ ಹೇಳಿಕೊಡುತ್ತಿದ್ದ ಕ್ರಮವೊಂದಿದೆ. ತುಡಿತವನ್ನು ಅದುಮಬಾರದು, ಅದಕ್ಕೆ ಮಣಿಯಲೂಬಾರದು. ಅದು ಎಲ್ಲಿ ಕಾಣಿಸುತ್ತಿದೆ, ಬಾಯಲ್ಲಿ ನೀರೋ, ಎದೆಯಲ್ಲಿ ಚಡಪಡಿಕೆಯೋ, ಕೈ ಬೆರಳಲ್ಲೋ ಎಂದು ನೋಡುತ್ತಾ ಕೂರುವುದು. ಏರುವ ತುಡಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ, ತಿಂದರೂ ಇಳಿಯುತ್ತದೆ, ತಿನ್ನದಿದ್ದರೂ ಇಳಿಯುತ್ತದೆ. ಹೊಟ್ಟೆ ಖಾಲಿ ಇದ್ದಾಗ ಇದು ನಡೆಯುವುದಿಲ್ಲ. ಅದಕ್ಕೇ ನಾಲ್ಕೂವರೆಗೇ ಏನಾದರೂ ತಿಂದುಬಿಡಿ ಎನ್ನುತ್ತೇನೆ. ಟೀ ಅಂಗಡಿಗೆ ಹೋಗುವುದನ್ನು ನಿಲ್ಲಿಸಬೇಕಾಗಿಲ್ಲ, ಅಲ್ಲಿಗೆ ಹೋಗುವುದು ಹರಟೆಗೂ ಹೌದು. ಹಾಲು, ಸಕ್ಕರೆ ಇಲ್ಲದ ಡಿಕಾಕ್ಷನ್ ಕುಡಿಯಿರಿ. ಕಾಫಿ, ಟೀ ಒಮ್ಮೆಲೇ ಬಿಟ್ಟವರಿಗೆ ಕೆಫೀನ್ ಇಲ್ಲದ ತಲೆನೋವು ಒಂಬತ್ತು ದಿನದವರೆಗೂ ಕಾಡಬಹುದು, ಅದನ್ನು ಡಯಟ್‌ನ ತಲೆನೋವು ಎಂದುಕೊಂಡು ಎಲ್ಲವನ್ನೂ ಕೈಬಿಟ್ಟವರಿದ್ದಾರೆ. ನಿಮಗೆ ಆ ಗಡುವು ದಾಟಿದೆ.

ಮೊಸರನ್ನದ ಕಥೆ ಬೇರೆ. ನಮ್ಮ ಕಡೆ ಊಟ ಮುಗಿಯಿತು ಎಂದು ಹೊಟ್ಟೆಗೆ ತಿಳಿಸುವುದೇ ಅದು. ಅದಿಲ್ಲದೆ ಕೈ ತೊಳೆದರೆ ಊಟದ ಮಧ್ಯೆ ಎದ್ದುಹೋದಂತೆ ಇರುತ್ತದೆ, ಆ ಖಾಲಿ ಹತ್ತೂವರೆಗೆ ಅಡುಗೆಮನೆಗೆ ಕರೆದೊಯ್ಯುತ್ತದೆ. ರಾತ್ರಿಯ ಸೂಪನ್ನು ಊಟದ ಕೊನೆಗೆ ಇಟ್ಟುಕೊಳ್ಳಿ. ಅದೂ ಸಾಲದಿದ್ದರೆ ಒಂದು ಸಣ್ಣ ಬಟ್ಟಲು ಗಟ್ಟಿ ಮೊಸರು, ಉಪ್ಪು ಹಾಕಿ, ಅನ್ನವಿಲ್ಲದೆ. 100 ಗ್ರಾಂ ಮೊಸರಿನಲ್ಲಿ ನಾಲ್ಕೈದು ಗ್ರಾಂ ಪಿಷ್ಟ ಇದ್ದೀತು. ಕಟ್ಟುನಿಟ್ಟಿನವರು ಒಪ್ಪುವುದಿಲ್ಲ, ನಾನು ಒಂದು ಪೊಟ್ಟಣ ಬಿಸ್ಕತ್ತಿಗಿಂತ ಒಂದು ಬಟ್ಟಲು ಮೊಸರನ್ನು ಒಪ್ಪುತ್ತೇನೆ.

ಮುದ್ದೆ ಕಠಿಣ. ‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಎಂದು ಕೇಳಿಕೊಂಡು ಬೆಳೆದ ಹೊಟ್ಟೆಗೆ ಅಗಿಯದೆ ನುಂಗಿದ ತುತ್ತು ಹೋಗಿ ಕೂರುವ ಭಾರವೇ ತೃಪ್ತಿ. ನಾಲಿಗೆಗೆ ಅದರಲ್ಲಿ ಹೆಚ್ಚೇನೂ ಇಲ್ಲ, ರುಚಿಯೆಲ್ಲ ಸಾರಿನದು. ಮಾಂಸ ಸಣ್ಣ ಜಾಗದಲ್ಲಿ ಮುಗಿದುಹೋಗುತ್ತದೆ, ಆ ಭಾರ ಕೊಡುವುದಿಲ್ಲ. ಇದಕ್ಕೆ ಪೂರ್ತಿ ಪರಿಹಾರ ನನ್ನಲ್ಲಿಲ್ಲ, ಅರ್ಧ ಪರಿಹಾರ ಮೂಳೆ. ಮೂಳೆಯಿಲ್ಲದ ತುಂಡು ಐದು ನಿಮಿಷದಲ್ಲಿ ಖಾಲಿ. ತಲೆಮಾಂಸ, ಕಾಲು, ನಲ್ಲಿ ಮೂಳೆ ಕಚ್ಚಿ, ಹೀರಿ ತಿನ್ನಲು ಅರ್ಧ ಗಂಟೆ ಬೇಕು, ಆ ಅರ್ಧ ಗಂಟೆಯಲ್ಲಿ ಹೊಟ್ಟೆಗೂ ಸುದ್ದಿ ಮುಟ್ಟುತ್ತದೆ. ಭಾನುವಾರ ಮನೆ ಬಿಟ್ಟು ಹೋಗಬೇಡಿ. ಅಮ್ಮನಿಗೆ ನಿಮ್ಮ ಊಟ ಮೊದಲು ಬಡಿಸಲು ಹೇಳಿ, ನಿಮ್ಮದು ಅರ್ಧ ಆದ ಮೇಲೆ ಅವರು ಮುದ್ದೆ ಕಟ್ಟಲಿ. ತಿಂದ ಹೊಟ್ಟೆಗೆ ಅದೇ ವಾಸನೆ ಅಷ್ಟು ಕೆಣಕುವುದಿಲ್ಲ.

ಚಪಲ ಹೋಗುತ್ತದೆಯೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಹೋಗುತ್ತದೆ, ಇದಕ್ಕೆ ಆಧಾರವಿದೆ. ಪಿಷ್ಟ ಕಡಿಮೆ ಮಾಡಿದವರನ್ನೂ ಕೊಬ್ಬು ಕಡಿಮೆ ಮಾಡಿದವರನ್ನೂ ಎರಡು ವರ್ಷ ಹೋಲಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಯಾರು ಯಾವುದನ್ನು ಬಿಟ್ಟರೋ ಅದರ ಮೇಲಿನ ಆಸೆ ಅವರಲ್ಲೇ ಹೆಚ್ಚು ಇಳಿದಿತ್ತು. ಬಿಟ್ಟಷ್ಟೂ ಆಸೆ ಹೆಚ್ಚುತ್ತದೆ ಎನ್ನುವ ನಂಬಿಕೆಗೆ ಇದು ತಿರುಗುಮುರುಗು. ಆದರೆ ರುಚಿ, ವಾಸನೆಯ ಸಂಶೋಧನೆ ನಡೆಸುವ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು 2000ದಲ್ಲಿ ಪ್ರಕಟಿಸಿದ್ದು ಇನ್ನೊಂದು ಮುಖ: ಪೋಷಕಾಂಶ ಎಲ್ಲ ಸರಿಯಾಗಿದ್ದರೂ ದಿನವೂ ಒಂದೇ ಆಹಾರ ಕೊಟ್ಟಾಗ ಯುವಕರಲ್ಲಿ ಚಪಲ ಹೆಚ್ಚಿತು, ವಯಸ್ಸಾದವರಲ್ಲಿ ಹೆಚ್ಚಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ನಿಮಗೆ ದಾರಿ ಕಾಣುತ್ತದೆ. ಅನ್ನ ಬಿಟ್ಟಿದ್ದು ತೊಂದರೆಯಲ್ಲ, ಮೂರು ಹೊತ್ತೂ ಅದೇ ಬ್ರೆಸ್ಟ್ ತಿಂದದ್ದು ತೊಂದರೆ. ಕುರುಕಲು ಬೇಕು ಅನ್ನಿಸಿದರೆ ಕೋಳಿ ಚರ್ಮವನ್ನು ಕಾವಲಿಯ ಮೇಲೆ ಅದರದ್ದೇ ಕೊಬ್ಬಿನಲ್ಲಿ ಗರಿಗರಿಯಾಗಿ ಹುರಿಯಿರಿ. ಉಪ್ಪುಪ್ಪಾಗಿ ಬೇಕೆಂದರೆ ಸುಟ್ಟ ಒಣಮೀನು. ವಾರಕ್ಕೆರಡು ಸಲ ಬಂಗುಡೆ ಅಥವಾ ಬೂತಾಯಿ, ಒಂದು ದಿನ ಖೀಮಾ, ಒಂದು ದಿನ ಬೋಟಿ. ವಾರಕ್ಕೊಮ್ಮೆ 100 ಗ್ರಾಂ ಲಿವರ್ ಇರಲಿ, ಫೋಲೇಟ್‌ಗೂ ಒಂದಿಷ್ಟು ವಿಟಮಿನ್ ಸಿಗೂ. ಅದಕ್ಕಿಂತ ಹೆಚ್ಚು ಬೇಡ, ವಿಟಮಿನ್ ಎ ಅತಿಯಾಗುತ್ತದೆ. ಸಾಸೇಜ್, ಸಲಾಮಿ ಇದರಲ್ಲಿ ಸೇರಿಸಬೇಡಿ. ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಶುಗರ್‌ಫ್ರೀ ಸಿಹಿ ಬೇಡ. ಆ ಚಾಕೊಲೇಟು, ಬರ್ಫಿಗಳಲ್ಲಿ ಹಲವಕ್ಕೆ ಮಾಲ್ಟಿಟಾಲ್ ಎಂಬ ಬದಲಿ ಸಿಹಿ ಹಾಕಿರುತ್ತಾರೆ. ಅದು ಸಕ್ಕರೆಯನ್ನು ಸ್ವಲ್ಪ ಏರಿಸುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ತೂಕ ಇಳಿಸಲು ಕೃತಕ ಸಿಹಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

ಬಿಸ್ಕತ್ತಿನ ರಾತ್ರಿಯ ಮರುದಿನ ಉಪವಾಸ ಮಾಡಿದಿರಾ? ನೀವು ಬರೆದಿಲ್ಲ, ಬಹಳ ಜನ ಮಾಡುತ್ತಾರೆ. ಅದು ಮುಂದಿನ ಪೊಟ್ಟಣಕ್ಕೆ ದಾರಿ. ಎಂದಿನಂತೆ ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿ. ಸರಿಯಾಗಿ ತಿನ್ನತೊಡಗಿದ ಮೇಲೂ ಕದ್ದು ತಿನ್ನುವುದು, ಆಮೇಲೆ ವಾಂತಿ ಮಾಡುವುದು, ಅದನ್ನು ಮನೆಯವರಿಂದ ಮುಚ್ಚಿಡುವುದು ನಡೆದರೆ ಈ ಡಯಟ್ ಅಲ್ಲಿಗೇ ನಿಲ್ಲಿಸಿ ಮನೋವೈದ್ಯರನ್ನು ನೋಡಿ. ಅಂಥ ಕಡೆ ಯಾವ ಕಟ್ಟುನಿಟ್ಟಿನ ಊಟವೂ ಒಳ್ಳೆಯದು ಮಾಡುವುದಿಲ್ಲ.

ನನ್ನ ಅಭಿಪ್ರಾಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ಮಾಂಸ ಮಾತ್ರ ತಿನ್ನುವ ಅಗತ್ಯವಿಲ್ಲ. ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ 2002ರಲ್ಲಿ ತೋರಿಸಿದ್ದು, ಸಾಮಾನ್ಯ ಊಟದಲ್ಲೇ ತೂಕದ 7 ಶೇಕಡ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿಯಿಟ್ಟುಕೊಂಡ ಗುಂಪಿನಲ್ಲಿ ಮಧುಮೇಹ 58 ಶೇಕಡ ಕಡಿಮೆಯಾಯಿತು ಎಂದು. ನಿಮಗೆ ಆ 7 ಶೇಕಡ ಅಂದರೆ ಆರೂವರೆ ಕೆ.ಜಿ. ಕಾರ್ನಿವೋರ್ ಬಗ್ಗೆ ಇರುವ ದೊಡ್ಡ ಮಾಹಿತಿ 2021ರ ಒಂದು ಸಮೀಕ್ಷೆ. ಆರು ತಿಂಗಳಾದರೂ ಇದರಲ್ಲಿ ಉಳಿದ 2,029 ಜನ ತಾವೇ ಹೇಳಿಕೊಂಡದ್ದು. ಬಹುತೇಕರು ಖುಷಿಯಾಗಿದ್ದರು. ಬಿಟ್ಟುಹೋದವರನ್ನು ಯಾರೂ ಕೇಳಿಲ್ಲ. ರಿಪೋರ್ಟ್ ಕೊಟ್ಟವರಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಮಧ್ಯದ ಅಂಕಿಯೇ 172 ಇತ್ತು, ಚಿಕ್ಕ ವಯಸ್ಸಿಗೇ ಹೃದಯಾಘಾತ ಕಾಣುವ ನಮ್ಮ ಜನಕ್ಕೆ ಅದು ನಗುವ ಅಂಕಿಯಲ್ಲ. ಹೀಗಾಗಿ ಇದನ್ನು ಮೂರು ತಿಂಗಳ ಪ್ರಯೋಗ ಎಂದಿಟ್ಟುಕೊಳ್ಳಿ. ಆಮೇಲೆ ಸೊಪ್ಪು, ಮೊಸರು, ಕಾಳು ಒಂದೊಂದಾಗಿ ಬರಲಿ, ಕೊನೆಗೆ ಅರ್ಧ ಮುದ್ದೆ. ದೊಡ್ಡ ಮುದ್ದೆಯೊಂದಕ್ಕೆ 100 ಗ್ರಾಂ ಹಿಟ್ಟು ಹೋಗುತ್ತದೆ, ಅಂದರೆ 65-70 ಗ್ರಾಂ ಪಿಷ್ಟ. ಅರ್ಧವನ್ನು ನಿಮ್ಮ ದೇಹ ತಾಳಬಹುದು, ಗ್ಲೂಕೋಮೀಟರ್‌ನಲ್ಲಿ ಎರಡು ಗಂಟೆಯ ಮೇಲೆ ನೋಡಿಕೊಂಡರೆ ಗೊತ್ತಾಗುತ್ತದೆ.

ಕೊನೆಗೆ ಯುಗಾದಿ. ಒಂದು ಒಬ್ಬಟ್ಟು ತಿನ್ನಿ, ಬೇವು ಬೆಲ್ಲವನ್ನೂ ತಿನ್ನಿ. ಖಾಲಿ ಹೊಟ್ಟೆಗೆ ಬೇಡ. ಹಬ್ಬದ ದಿನ ಮನೆಯಲ್ಲಿ ಮಾಂಸ ಮಾಡುವುದಿಲ್ಲವಾದ್ದರಿಂದ ಹೊರಡುವ ಮೊದಲೇ ಬೆಳಿಗ್ಗೆ ಮೊಟ್ಟೆ ತಿಂದು ಹೋಗಿ, ಊರಲ್ಲಿ ಮೊಸರು, ತುಪ್ಪ ಇದ್ದೇ ಇರುತ್ತದೆ. ಎಷ್ಟು ತಿನ್ನುತ್ತೇನೆ ಎಂದು ಅಮ್ಮನಿಗೆ ಮುಂಚೆಯೇ ಹೇಳಿ, ಎಲೆಯ ಮುಂದೆ ಕುಳಿತು ತೀರ್ಮಾನಿಸಲು ಹೋದರೆ ಗೆಲ್ಲುವವರು ಅವರೇ. ಮರುದಿನ ತೂಕ ಸ್ವಲ್ಪ ಏರಿದ್ದರೆ ಗಾಬರಿ ಬೇಡ, ಮೇಲೆ ಹೇಳಿದ ಗ್ಲೈಕೋಜನ್ ತನ್ನ ನೀರಿನ ಜೊತೆ ಮನೆಗೆ ವಾಪಸ್ ಬಂದಿದೆ, ಮೂರ್ನಾಲ್ಕು ದಿನದಲ್ಲಿ ಹೋಗುತ್ತದೆ. ಆ ಮರುದಿನ ಹೇಗೂ ಹೊಸತೊಡಕು, ಇಡೀ ಊರೇ ನಿಮ್ಮ ಡಯಟ್ ಮಾಡುತ್ತಿರುತ್ತದೆ. ನನಗೆ ಭಯ ಒಬ್ಬಟ್ಟಿನದಲ್ಲ, ಬೆಂಗಳೂರಿಗೆ ಕಟ್ಟಿಕೊಡುವ ಡಬ್ಬಿಯದು. ಅದನ್ನು ಬಸ್ ಹತ್ತುವ ಮುಂಚೆ ಅಕ್ಕಪಕ್ಕದ ಮನೆಗೆ ಕೊಟ್ಟುಬಿಡಿ. ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್), ಕ್ರಿಯಾಟಿನಿನ್ (ಮೂತ್ರಪಿಂಡ), ಯೂರಿಕ್ ಆಸಿಡ್ ನಾಲ್ಕನ್ನೂ ಮಾಡಿಸಿ. ಎಲ್‌ಡಿಎಲ್ 160 ದಾಟಿದ್ದರೆ ಅಥವಾ ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳಿನ ಗೆಣ್ಣು ಊದಿದ್ದರೆ ಮೂರು ತಿಂಗಳಿಗೆ ಇನ್ನೊಂದು ದಿನವನ್ನೂ ಸೇರಿಸಬೇಡಿ.